ಪೆಪ್ಪರ್ ಅಂದರೆ ಯಾವ ಮೆಣಸು?

ಕುಮಟಾದ ಹೋಟೆಲಿನ ಮೆನುವಿನಲ್ಲಿ ಪೆಪ್ಪರ್ ಅಂತ ಇದ್ದರೆ ಅದು ಕಾಳುಮೆಣಸು, ಅನುಮಾನವೇ ಇಲ್ಲ. ಅದೇ ಅಮೆರಿಕದ ಅಡುಗೆ ವಿಡಿಯೋದಲ್ಲಿ ಎರಡು ಪೆಪ್ಪರ್ ಹೆಚ್ಚಿಕೊಳ್ಳಿ ಅಂದಾಗ ಗೊಂದಲ ಶುರು. ಕಾಳನ್ನು ಹೆಚ್ಚುವುದು ಹೇಗೆ? ಅವರು ಹೇಳುತ್ತಿರುವುದು ದೊಣ್ಣೆಮೆಣಸಿನಕಾಯಿ, ಅಂದರೆ ನಮ್ಮ ಸಂತೆಯ ಕ್ಯಾಪ್ಸಿಕಂ. ಖಾರವೇ ಇಲ್ಲದ ತರಕಾರಿಗೂ ಪೆಪ್ಪರ್, ಕಣ್ಣಲ್ಲಿ ನೀರು ತರಿಸುವ ಸೂಜಿಮೆಣಸಿಗೂ ಪೆಪ್ಪರ್, ಶಿರಸಿಯ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯ ಕಾಳಿಗೂ ಪೆಪ್ಪರ್. ಮಜಾ ಏನೆಂದರೆ, ಮೂಲದಲ್ಲಿ ಆ ಹೆಸರು ಈ ಮೂರರಲ್ಲಿ ಯಾವುದರದ್ದೂ ಅಲ್ಲ.

ಅದು ಹಿಪ್ಪಲಿಯದು. ಕೆಮ್ಮಿನ ಕಷಾಯಕ್ಕೆ ಹಾಕುತ್ತಾರಲ್ಲ, ಕಪ್ಪಗೆ ಗಿಡ್ಡ ಕಡ್ಡಿಯ ಹಾಗಿರುವ ಖಾರದ ವಸ್ತು, ಅದೇ. ಹತ್ತಿರದಿಂದ ನೋಡಿದರೆ ಅದು ಒಂದು ಕಾಯಲ್ಲ. ಸಣ್ಣ ಸಣ್ಣ ಕಾಳುಗಳು ಒತ್ತೊತ್ತಾಗಿ ಅಂಟಿಕೊಂಡ ಇಡೀ ಗೊಂಚಲು. ಹಿಪ್ಪಲಿ, ಕಾಳುಮೆಣಸು, ಕವಳದ ವೀಳ್ಯದೆಲೆ ಮೂರೂ ಒಂದೇ ಕುಲದ ಬಳ್ಳಿಗಳು. ಸಂಸ್ಕೃತದ ಪಿಪ್ಪಲಿ ಕನ್ನಡದಲ್ಲಿ ಹಿಪ್ಪಲಿಯಾಯಿತು, ಪಾಲು ಹಾಲಾದ ಹಾಗೆ. ಗ್ರೀಕರು ಪೆಪೆರಿ ಅಂದರು, ರೋಮನರು ಪಿಪೆರ್ ಅಂದರು. ಅಲ್ಲಿಂದ ಹಳೆಯ ಇಂಗ್ಲಿಷ್‌ಗೆ ಪಿಪೊರ್ ಆಗಿ ಬಂದು, ಕೊನೆಗೆ ಪೆಪ್ಪರ್ ಆಯಿತು.

ಹೆಸರು ಹೋದ ದಾರಿಯಲ್ಲೇ ಮಾಲು ಬದಲಾಯಿತು. ಒಂದನೇ ಶತಮಾನದ ರೋಮಿನಲ್ಲಿ ಪ್ಲಿನಿ ಎಂಬ ಲೇಖಕ ದರ ಬರೆದಿಟ್ಟಿದ್ದಾನೆ: ಒಂದು ಪೌಂಡ್ ಹಿಪ್ಪಲಿಗೆ 15 ದಿನಾರಿಯಸ್ (ರೋಮಿನ ಬೆಳ್ಳಿ ನಾಣ್ಯ), ಬಿಳಿ ಮೆಣಸಿಗೆ 7, ಕರಿಮೆಣಸಿಗೆ 4. ಬಿಳಿಯದು ಅಂದರೆ ನಮ್ಮ ಬೋಳಕಾಳು. ಬಳ್ಳಿ ಒಂದೇ. ಹಸಿರು ಕಾಳನ್ನು ಬಿಸಿಲಿಗೆ ಹಾಕಿದರೆ ಸಿಪ್ಪೆಯೊಳಗಿನ ಕಿಣ್ವ ಕೆಲಸ ಮಾಡಿ ಕಪ್ಪಾಗುತ್ತದೆ. ಹಣ್ಣಾದದ್ದನ್ನು ನೆನೆಹಾಕಿ ಸಿಪ್ಪೆ ಸುಲಿದರೆ ಬೋಳು. ಆದರೂ ದರದಲ್ಲಿ ಅಷ್ಟು ವ್ಯತ್ಯಾಸ! ಅಗ್ಗದ್ದು ಗೆದ್ದಿತು. ಮಳೆಗಾಲದ ಗಾಳಿ ಹಿಡಿದು ಬಂದ ಹಡಗುಗಳು ನಮ್ಮ ಪಶ್ಚಿಮ ಕರಾವಳಿಯಿಂದ ಕಾಳುಮೆಣಸನ್ನೇ ರಾಶಿ ರಾಶಿ ಹೊತ್ತವು. ಪ್ಲಿನಿಗೆ ಇದು ಅರ್ಥವೇ ಆಗಲಿಲ್ಲ. ಸಿಹಿಯಿಲ್ಲ, ಚೆಂದವಿಲ್ಲ, ಬರೀ ಖಾರಕ್ಕಾಗಿ ಜನ ಭಾರತದಿಂದ ತರಿಸುತ್ತಾರಲ್ಲ ಎಂದು ಗೊಣಗಿದ. 408ರಲ್ಲಿ ಗಾಥ್ ಜನರ ದೊರೆ ಅಲಾರಿಕ್ ರೋಮಿಗೆ ಮುತ್ತಿಗೆ ಹಾಕಿದಾಗ ಕೇಳಿದ ಒತ್ತೆಹಣದಲ್ಲಿ ಚಿನ್ನ, ಬೆಳ್ಳಿಯ ಜೊತೆ 3,000 ಪೌಂಡ್ ಮೆಣಸೂ ಇತ್ತು. ಕಾಲ ಕಳೆದಂತೆ ಯೂರೋಪಿನ ಅಡುಗೆಯಲ್ಲಿ ಹಿಪ್ಪಲಿಯ ಬಳಕೆ ತೀರಾ ಕಡಿಮೆಯಾಯಿತು. ಅದರ ಹೆಸರು ಮಾತ್ರ ಕಾಳುಮೆಣಸಿಗೆ ಅಂಟಿಕೊಂಡಿತು.

1492ರಲ್ಲಿ ಕೊಲಂಬಸ್ ಹೊರಟ ಕಾರಣಗಳಲ್ಲಿ ನಮ್ಮ ಕಡೆಯ ಸಾಂಬಾರ ಪದಾರ್ಥಗಳೂ ಒಂದು. ತಲುಪಿದ್ದು ಅಮೆರಿಕ, ಸಿಕ್ಕಿದ್ದು ಮೆಣಸಿನಕಾಯಿ. ಬದನೆ, ಟೊಮೆಟೊ ಕುಟುಂಬದ ಗಿಡ. ಕಾಳುಮೆಣಸಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ನಾಲಗೆ ಉರಿಯಿತಲ್ಲ, ಅದೂ ಮೆಣಸೇ ಅಂದುಬಿಟ್ಟರು. ಅವರನ್ನು ನಗುವ ಹಾಗಿಲ್ಲ. ಅದೇ ಕಾಯಿ ಪೋರ್ಚುಗೀಸರ ಜೊತೆ ನಮ್ಮ ಕರಾವಳಿಗೆ ಬಂದಾಗ ನಾವು ಮಾಡಿದ್ದೂ ಅದನ್ನೇ. ಮೆಣಸಿನ ಕಾಯಿ ಅಂದೆವು. ಕಾರವಾರದ ಕೊಂಕಣಿಯ ಮಿರ್ಸಾಂಗದಲ್ಲೂ ಮೊದಲರ್ಧ ಕಾಳುಮೆಣಸು, ಉಳಿದರ್ಧ ಕೋಡು. ಹದಿನಾರನೇ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದು ರೈನಾ ದ ಪಿಮೆಂಟಾ, ಮೆಣಸಿನ ರಾಣಿ ಎಂದು. ಅವರ ಪಿಮೆಂಟಾ ಕೂಡ ಎರಡಕ್ಕೂ ಸಲ್ಲುವ ಪದ. ರಾಣಿಯ ವ್ಯಾಪಾರ ಕಾಳಿನದು. ಹೊಸದಾಗಿ ಬಂದ ಕಾಯಿಯಾದರೋ ಯಾರ ಹಿತ್ತಿಲಲ್ಲಾದರೂ ಬೆಳೆಯುವಂಥದ್ದು.

ಇಷ್ಟು ಭಾಷೆಗಳು ಒಟ್ಟಿಗೆ ಎಡವಿದವು ಅಂದರೆ ಬೇರೇನೋ ಕಾರಣ ಇರಬೇಕು, ಅಲ್ವಾ? ಇದೆ, ಅದು ನಾಲಗೆಯಲ್ಲೇ ಇದೆ. ಕಾಳುಮೆಣಸಿನ ಖಾರ ಪೈಪರಿನ್ ಎಂಬ ರಾಸಾಯನಿಕದ್ದು. 1819ರಲ್ಲಿ ಅದನ್ನು ಬೇರ್ಪಡಿಸಿದವರು ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಆರ್ಸ್ಟೆಡ್. ಹೌದು, ಮರುವರ್ಷ ವಿದ್ಯುತ್ತಿಗೂ ಅಯಸ್ಕಾಂತಕ್ಕೂ ಇರುವ ನಂಟು ತೋರಿಸಿಕೊಟ್ಟ ಅದೇ ಆರ್ಸ್ಟೆಡ್. ಮೆಣಸಿನಕಾಯಿಯಲ್ಲಿರುವುದು ಕ್ಯಾಪ್ಸೈಸಿನ್. ಇದರ ಖಾರ ಎಷ್ಟೋ ಪಟ್ಟು ಜಾಸ್ತಿ. ಆದರೆ ಎರಡೂ ಹೋಗಿ ತಟ್ಟುವುದು ನರದ ತುದಿಯಲ್ಲಿರುವ ಒಂದೇ ಪ್ರೋಟೀನಿಗೆ, ಟಿಆರ್‌ಪಿವಿ1 ಎಂಬುದಕ್ಕೆ. ಒಂದೇ ಬೀಗಕ್ಕೆ ಎರಡು ಕೀಲಿ. ಈ ಪ್ರೋಟೀನಿನ ಅಸಲಿ ಕೆಲಸ ಬಿಸಿ ತಿಳಿಸುವುದು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ತೆರೆದುಕೊಂಡು ಸುಡುತ್ತಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಖಾರ ತಿಂದಾಗಲೂ ಅದೇ ಸುದ್ದಿ ಹೋಗುತ್ತದೆ, ಬಾಯಲ್ಲಿ ಬಿಸಿ ಇರಲಿ ಬಿಡಲಿ. 1997ರಲ್ಲಿ ಇದನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪಾಲು ಬಂತು. ಎರಡು ದೂರದ ಗಿಡಗಳಿಗೆ ಒಂದೇ ಹೆಸರಿಟ್ಟವರು ಗಿಡ ನೋಡಿ ಇಟ್ಟಿರಲಿಲ್ಲ, ನರ ಹೇಳಿದ್ದನ್ನು ಕೇಳಿ ಇಟ್ಟಿದ್ದರು. ದೊಣ್ಣೆಮೆಣಸಿನಕಾಯಿಯ ವಿಷಯಕ್ಕೆ ಮಾತ್ರ ಈ ಸಮಜಾಯಿಷಿ ನಡೆಯುವುದಿಲ್ಲ. ಅದಕ್ಕೆ ಹೆಸರು ಬಂದದ್ದು ಸುಮ್ನೆ ಮನೆತನದಿಂದ.

ಹೆಸರಿನ ಈ ಕಲಸುಮೇಲೋಗರ ಶಿರಸಿಯ ತೋಟಕ್ಕೂ ಬಂದಿದೆ. ಜಡಿಮಳೆ ಹಿಡಿದಾಗ ಕಾಳುಮೆಣಸಿಗೆ ಸೊರಗು ರೋಗ ಬರುತ್ತದೆ. ಎಲೆಯಲ್ಲಿ ಕಪ್ಪು ಚುಕ್ಕೆ, ಆಮೇಲೆ ಬುಡ ಕೊಳೆತು, ನೋಡನೋಡುತ್ತಿದ್ದಂತೆ ಇಡೀ ಬಳ್ಳಿ ಕಳಚಿ ಬೀಳುತ್ತದೆ. ಇದಕ್ಕೆ ಕಾರಣವಾದ ಜೀವಿ ಫೈಟಾಫ್ತೊರಾ ಕ್ಯಾಪ್ಸಿಸಿ. 1922ರಲ್ಲಿ ಅದನ್ನು ಮೊದಲು ವಿವರಿಸಿದ್ದು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ, ಮೆಣಸಿನಕಾಯಿ ಗಿಡದ ಮೇಲೆ. ಹಾಗಾಗಿ ಕ್ಯಾಪ್ಸಿಸಿ ಎಂಬ ಹೆಸರು. ನಮ್ಮ ಅಡಿಕೆಯ ಕೊಳೆ ರೋಗದ್ದೂ ಇದೇ ಕುಲ. ಅದಕ್ಕೇ ಎರಡಕ್ಕೂ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ.

ಔಷಧಿ ಹೊಡೆದೂ ಸೋತವರು ಈಗ ನರ್ಸರಿಯಲ್ಲಿ ಹಿಪ್ಪಲಿಗೆ ಕಸಿ ಕಟ್ಟಿದ ಸಸಿ ಕೇಳುತ್ತಾರೆ. ಈ ಹಿಪ್ಪಲಿ ಕಷಾಯದ್ದಲ್ಲ, ದಕ್ಷಿಣ ಅಮೆರಿಕದ ಜೌಗು ನೆಲದ ಬ್ರೆಜಿಲ್ ಹಿಪ್ಪಲಿ. ಅದರ ಬೇರಿಗೆ ಈ ರೋಗ ತಟ್ಟುವುದಿಲ್ಲ, ನೀರು ನಿಂತರೂ ತಡೆದುಕೊಳ್ಳುತ್ತದೆ. ಹಿಪ್ಪಲಿ ಗಿಡದ ತುದಿ ಕತ್ತರಿಸಿ, ಕಾಂಡವನ್ನು ನಡುವೆ ಸೀಳಿ, ಬೆಣೆಯ ಹಾಗೆ ಕೆತ್ತಿದ ಕಾಳುಮೆಣಸಿನ ಕುಡಿಯನ್ನು ಅದರಲ್ಲಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತಾರೆ. ಬೇಸಿಗೆಯಲ್ಲಿ ನೀರು ತಪ್ಪಿಸುವಂತಿಲ್ಲ, ಜೌಗಿನ ಗಿಡಕ್ಕೆ ಒಣಗು ಆಗುವುದಿಲ್ಲ. ಕಸಿಗಂಟಿನ ಕೆಳಗೆ ಚಿಗುರು ಕಂಡರೆ ಆಗಿಂದಾಗ್ಗೆ ಚಿವುಟುತ್ತಿರಬೇಕು. ಬಿಟ್ಟರೆ ಹಿಪ್ಪಲಿಯೇ ಎದ್ದು ಬರುತ್ತದೆ, ಮೆಣಸು ಕೆಳಗೇ ಉಳಿಯುತ್ತದೆ.