ಕೊಂದದ್ದು ನ್ಯಾನೋ ಕಣವೋ, ಕರಗಿದ ಅಯಾನೋ?

ನ್ಯಾನೋ ಕಣಗಳು ಪಾಚಿಯಂಥ ಸೂಕ್ಷ್ಮಜೀವಿಗಳಿಗೆ ಎಷ್ಟು ವಿಷ ಎಂದು ನೋಡುವ ಪರೀಕ್ಷೆಯ ಚೌಕಟ್ಟು ಸುಲಭ. 1ರಿಂದ 100 ನ್ಯಾನೋಮೀಟರ್ ಗಾತ್ರದ ಕಣಗಳನ್ನು ಜೀವಿ ಬೆಳೆಯುವ ದ್ರಾವಣಕ್ಕೆ ಬೇರೆ ಬೇರೆ ಸಾರತೆಯಲ್ಲಿ ಬೆರೆಸಿ, ಬೆಳವಣಿಗೆಯ ದರ ಅರ್ಧಕ್ಕಿಳಿಯುವ ಸಾರತೆಯನ್ನು (ಇಸಿ50) ಹುಡುಕುವುದು. ಹಸಿರು ಪಾಚಿಗಾದರೆ ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 201ನೇ ಮಾರ್ಗಸೂಚಿ, ಸಾಮಾನ್ಯವಾಗಿ 72 ಗಂಟೆ.

ತಲೆ ತಿನ್ನುವುದು ಜಿಂಕ್ ಆಕ್ಸೈಡ್. ಅದು ನೀರಲ್ಲಿ ಸ್ವಲ್ಪ ಸ್ವಲ್ಪವೇ ಕರಗಿ ಜಿಂಕ್ ಅಯಾನು (ವಿದ್ಯುದಾವೇಶವಿರುವ ಜಿಂಕ್ ಪರಮಾಣು) ಬಿಡುತ್ತದೆ. ಪಾಚಿಗೆ ಆ ಅಯಾನೇ ವಿಷ. ಹಾಗಾಗಿ ಜಿಂಕ್ ಸಲ್ಫೇಟ್ ಹಾಕಿದ ಇನ್ನೊಂದು ಸಾಲು ಪಕ್ಕದಲ್ಲಿ ಇರಲೇಬೇಕು. ಎಷ್ಟು ಹಾಕಬೇಕು? ಲವಣದ ತೂಕ ಸರಿಸಮ ಇದ್ದರೆ ಆಗದು, ಜಿಂಕ್‌ನ ತೂಕ ಸಮ ಇರಬೇಕು. ಆಕ್ಸೈಡಿನ ಅಣುತೂಕ 81.4, ಅದರಲ್ಲಿ ಜಿಂಕ್ 65.4, ಅಂದರೆ 10 ಮಿ.ಗ್ರಾಂ ಆಕ್ಸೈಡಿನಲ್ಲಿ ಜಿಂಕ್ ಸುಮಾರು 8 ಮಿ.ಗ್ರಾಂ. ಸಲ್ಫೇಟ್ ಹರಳಿಗೆ ಏಳು ನೀರಿನ ಅಣುಗಳು ಅಂಟಿಕೊಂಡಿರುತ್ತವೆ, ಅಣುತೂಕ 287.5. ಅಷ್ಟೇ ಜಿಂಕ್ ಸಿಗಲು 35 ಮಿ.ಗ್ರಾಂ ಬೇಕು! ಬಾಟಲಿಯ ಲೇಬಲ್ ನೋಡದೆ ನೀರಿಲ್ಲದ ಸಲ್ಫೇಟಿನ ಲೆಕ್ಕ ಹಾಕಿದರೆ ಇಡೀ ಹೋಲಿಕೆ ಕೆಡುತ್ತದೆ.

ಇಷ್ಟಾದರೂ ಅರ್ಧ ಕೆಲಸ ಮಾತ್ರ. ಹಾಕಿದ ಆಕ್ಸೈಡೆಲ್ಲ ಕರಗಿರುವುದಿಲ್ಲವಲ್ಲ. ಕಣಗಳನ್ನು ಅಲ್ಟ್ರಾಫಿಲ್ಟರ್‌ನಲ್ಲಿ ಸೋಸಿ, ಕರಗಿದ ಜಿಂಕನ್ನಷ್ಟೇ ಅಳೆದು, ಇಸಿ50ಯನ್ನು ಆ ಲೆಕ್ಕದಲ್ಲಿ ಬರೆಯಬೇಕು. ಅದು ಲವಣದ ಇಸಿ50ಗೆ ಹೊಂದಿಕೊಂಡರೆ ವಿಷ ಅಯಾನಿನದು. ಕಣದ ಸಾಲಿನಲ್ಲಿ ಕರಗಿದ ಜಿಂಕ್ ಕಡಿಮೆಯಿದ್ದೂ ಪಾಚಿ ಅಷ್ಟೇ ಕುಗ್ಗಿದ್ದರೆ ಮಾತ್ರ ಕಣದ ಪಾತ್ರವನ್ನು ಅನುಮಾನಿಸಿ. ಅಳತೆ ಆರಂಭದಲ್ಲೂ ಕೊನೆಯಲ್ಲೂ ಬೇಕು, ಕರಗುವುದು ನಡುವೆ ನಿಲ್ಲುವುದಿಲ್ಲ. ಪಾಚಿ ಬೆಳೆಸುವ ದ್ರಾವಣದಲ್ಲಿ ಲೋಹಕ್ಕೆ ಅಂಟಿಕೊಳ್ಳುವ ಇಡಿಟಿಎ ಎಂಬ ರಾಸಾಯನಿಕ ಇದ್ದರೆ ಅದು ಅಯಾನನ್ನು ಹಿಡಿದಿಟ್ಟು ವಿಷ ಕಮ್ಮಿ ತೋರಿಸುತ್ತದೆ.

ಟೆಟ್ರಾಹೈಮೆನಾ ಎಂಬ ಏಕಕೋಶ ಜೀವಿಯಲ್ಲಿ ಈ ತರ್ಕಕ್ಕೂ ಒಂದು ತೂತಿದೆ. ಪಾಚಿಗೆ ಕೋಶಭಿತ್ತಿ ಅಡ್ಡ ಇರುತ್ತದೆ, ಇದು ಮಾತ್ರ ಕಣವನ್ನೇ ನುಂಗುತ್ತದೆ. ನುಂಗಿದ್ದು ಜೀರ್ಣವಾಗುವ ಚೀಲದ (ಆಹಾರ ರಸದಾನಿ) ಆಮ್ಲದಲ್ಲಿ ಕಣ ಒಳಗೇ ಕರಗಬಹುದು. ಹೊರಗಿನ ನೀರನ್ನು ಅಳೆದರೆ ಅದು ಕಾಣದು.

ಉಳಿದವು ಚುಟುಕಾಗಿ: ಟೈಟಾನಿಯಂ ಡೈಆಕ್ಸೈಡ್ ಬೆಳಕಿಗೆ ಅಡ್ಡ ಬಂದೂ ಪಾಚಿಯನ್ನು ಕುಗ್ಗಿಸಬಹುದು. ಜೀವಂತ ಕೋಶ ಎಷ್ಟಿವೆ ಎಂದು ಬಣ್ಣದಿಂದ ಅಳೆಯುವ ಎಂಟಿಟಿ ಪರೀಕ್ಷೆಯ ಬಣ್ಣವನ್ನು ಇಂಗಾಲದ ನ್ಯಾನೋ ಕೊಳವೆಗಳು ಹೀರಿಕೊಳ್ಳುತ್ತವೆ. ಪರೀಕ್ಷಾ ತಟ್ಟೆಯಲ್ಲಿ ಕೋಶವಿಲ್ಲದೆ ಕಣ ಮಾತ್ರ ಹಾಕಿದ ಗುಳಿಗಳನ್ನೂ ಪ್ರತಿ ಸಾರತೆಗೆ ಇಡಿ. ಕಣದ ಸ್ವಂತ ಮಸುಕನ್ನು ಕಳೆಯಲು ಅವು ಬೇಕು.