ಎಂಜಿನ್ ಬಿಚ್ಚುವ ಮುಂಚೆ ಗಾಳಿ ಎಲ್ಲಿ ಸೋರುತ್ತಿದೆ ನೋಡಿ

“ಅಣ್ಣಾರ, ನವಲೂರ ಏರಿನ್ಯಾಗ ಗಾಡಿ ಎಳೀವಲ್ದು. ಇಂಜಿನ್ ಇಳಿಸಿ ಬೋರ್ ಮಾಡಸ್ಬೇಕು ಅಂದಾರ್ರೀ.”

ಧಾರವಾಡದ ಹುಡುಗನೊಬ್ಬ ಕಳೆದ ತಿಂಗಳು ಹುಬ್ಬಳ್ಳಿ ಗೋಕುಲ ರಸ್ತೆಯ ನಮ್ಮ ಗ್ಯಾರೇಜಿಗೆ ಸ್ಯಾನ್ ಸ್ಟಾರ್ಮ್ ತಂದಿದ್ದ. ಗೋವಾದಲ್ಲಿ ತಯಾರಾಗುತ್ತಿದ್ದ, ಫೈಬರ್ ಬಾಡಿಯ, ಎರಡೇ ಸೀಟಿನ ಕಾರು. ಒಳಗೆ ರೆನೋದ 1149 ಸಿಸಿ ಎಂಜಿನ್. ಬೇರೊಂದು ಗ್ಯಾರೇಜಿನವರು ಕಂಪ್ರೆಶನ್ ನೋಡಿ, ಅಂದರೆ ಪ್ಲಗ್ ತೂತಿಗೆ ಗೇಜ್ ಹಾಕಿ ನಾಲ್ಕೂ ಸಿಲಿಂಡರಿನಲ್ಲಿ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂದು ಅಳೆದು, ಬರೆದುಕೊಟ್ಟ ಚೀಟಿ ಅವನ ಕೈಯಲ್ಲಿತ್ತು: 142, 138, 78, 140 ಪಿಎಸ್‌ಐ. ನಾಲ್ಕೂ ಕಮ್ಮಿ, ಅಂದರೆ ಪಿಸ್ಟನ್ ಸುತ್ತ ಗಾಳಿ ತಡೆಯುವ ರಿಂಗ್ ಹೋಗಿವೆ, ಬೋರ್ ಮಾಡಿ ಸಿಲಿಂಡರ್ ಕೊರೆದು ಅಗಲ ಮಾಡಬೇಕು ಎಂಬುದು ಅವರ ತೀರ್ಮಾನ.

ಒಂದೇ ಮಾತು ಕೇಳಿದೆ: “ಚೆಕ್ ಮಾಡೂಮುಂದ ಎಕ್ಸಿಲರೇಟರ್ ಒತ್ತಿದ್ದೇನಪಾ?”

“ಇಲ್ರೀ, ಬರೇ ಕೀ ತಿರುವಿದ್ನಿ.”

ಎಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು ಥ್ರಾಟಲ್. ಅದು ಮುಚ್ಚಿದ್ದರೆ ಸಿಲಿಂಡರಿಗೆ ಗಾಳಿಯೇ ಸರಿಯಾಗಿ ಹೋಗುವುದಿಲ್ಲ; ಒಳಗೆ ಹೋಗದ ಗಾಳಿಯನ್ನು ಪಿಸ್ಟನ್ ಒತ್ತುವುದಾದರೂ ಹೇಗೆ? ನಾವು ಮತ್ತೆ ಮೊದಲಿಂದ ನೋಡಿದೆವು. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ತೆಗೆದು, ಪೆಟ್ರೋಲ್ ಪಂಪ್ ಮತ್ತು ಇಗ್ನಿಷನ್ ಬಂದ್ ಮಾಡಿ, ಚಾರ್ಜ್ ಆದ ಬ್ಯಾಟರಿ ಹಾಕಿ, ಪೆಡಲ್ ಪೂರ್ತಿ ಒತ್ತಿ ಹಿಡಿದು, ಒಂದೊಂದು ಸಿಲಿಂಡರಿಗೆ ಐದಾರು ಸ್ಟ್ರೋಕ್. ಈಗ ಬಂದದ್ದು 168, 165, 92, 166. ರೆನೋ ಎಂಜಿನ್ನಿನಲ್ಲಿ 1ನೇ ಸಿಲಿಂಡರ್ ಗೇರ್‌ಬಾಕ್ಸ್ ಕಡೆಯಿಂದ ಎಣಿಕೆ. ಇದು ಮರೆತರೆ ಚಲೋ ಇರುವ ಸಿಲಿಂಡರಿಗೆ ಕೈ ಹಾಕಿರುತ್ತೇವೆ.

ಪಣಜಿಯ ಗೆಳೆಯನ ಇದೇ ಕಾರಿನಲ್ಲಿ 180 ಬರುತ್ತದೆ ಅಂತ ಹುಡುಗನಿಗೆ ಚಿಂತೆ. ಪಣಜಿ ಸಮುದ್ರದ ದಂಡೆ. ಹುಬ್ಬಳ್ಳಿ ಸುಮಾರು 670 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಶೇಕಡಾ 7-8ರಷ್ಟು ಕಡಿಮೆ. ಅಲ್ಲಿಯ 180 ಅಣಮೋಡ ಘಾಟು ಹತ್ತಿ ಬಂದರೆ ಇಲ್ಲಿ 167ರ ಆಸುಪಾಸು. ಅವನ ಮೂರು ಸಿಲಿಂಡರ್ ಗಟ್ಟಿಮುಟ್ಟಾಗಿವೆ. ನಾನು ಒಂದೊಂದರ ಅಂಕಿಗಿಂತ ಅವುಗಳ ನಡುವಿನ ಅಂತರ ನೋಡುತ್ತೇನೆ. ಶೇಕಡಾ 10ರೊಳಗಿದ್ದರೆ ನೆಮ್ಮದಿ.

ಉಳಿದದ್ದು ಮೂರನೆಯದು. ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ತಿರುಗಿಸಿದೆವು. ರಿಂಗ್ ಸವೆದಿದ್ದರೆ ಆಯಿಲ್ ಸಂದು ಮುಚ್ಚಿ ಗೇಜಿನ ಮುಳ್ಳು ಜಿಗಿಯಬೇಕಿತ್ತು. 92 ಇದ್ದದ್ದು 96 ಆಯಿತು, ಅಷ್ಟೇ. ಪಕ್ಕದ ಎರಡೂ ಸಿಲಿಂಡರ್ ಚಲೋ ಇದ್ದುದರಿಂದ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಪದರ) ಒಡೆದಿರುವ ಮಾತೂ ದೂರ. ಹಾಗಾದರೆ ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ವಾಲ್ವ್.

ಆಮೇಲೆ ಕಂಪ್ರೆಸರಿನ ಗಾಳಿ. ಪಿಸ್ಟನ್ನನ್ನು ಕಂಪ್ರೆಶನ್ ಸ್ಟ್ರೋಕಿನ ತುದಿಗೆ ತಂದು ಪ್ಲಗ್ ತೂತಿನಿಂದ ಗಾಳಿ ಬಿಡಬೇಕು. ಪಿಸ್ಟನ್ ತುದಿಯಿಂದ ಚೂರು ಜರುಗಿದ್ದರೂ ಗಾಳಿ ಎಂಜಿನ್ನನ್ನೇ ತಿರುಗಿಸುತ್ತದೆ, ಬೆಲ್ಟಿನ ಹತ್ತಿರ ಕೈ ಇರಬಾರದು. ಈಗ ಕಿವಿಯ ಕೆಲಸ. ಆಯಿಲ್ ಹಾಕುವ ಬಾಯಲ್ಲಿ ಸದ್ದು ಬಂದರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್, ಥ್ರಾಟಲಿನಲ್ಲಿ ಕೇಳಿಸಿದರೆ ಇನ್‌ಲೆಟ್ ವಾಲ್ವ್. ನಮ್ಮ ಗ್ಯಾರೇಜಿನ ಹುಡುಗ ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಸೈಲೆನ್ಸರಿಗೆ ಕಿವಿ ಕೊಟ್ಟು ಕೈ ಎತ್ತಿದ. ಅಲ್ಲಿ ಸುಯ್ಯೆನ್ನುತ್ತಿತ್ತು: ಎಕ್ಸಾಸ್ಟ್ ವಾಲ್ವ್.

ಎಂಜಿನ್ ತಣ್ಣಗಾದ ಮೇಲೆ ಟ್ಯಾಪೆಟ್ ಕವರ್ ತೆಗೆದರೆ, ಆ ವಾಲ್ವಿನ ತುದಿಗೂ ಅದನ್ನು ಒತ್ತಿ ತೆರೆಯುವ ಟ್ಯಾಪೆಟ್ಟಿಗೂ ನಡುವೆ ಇರಬೇಕಾದ ಗ್ಯಾಪಿನಲ್ಲಿ, ಸಂದು ಅಳೆಯುವ ಫೀಲರ್ ಗೇಜಿನ ಅತಿ ತೆಳು ಪಟ್ಟಿಯೂ ಹೋಗಲಿಲ್ಲ. ವಾಲ್ವ್ ವರ್ಷಗಟ್ಟಲೆ ಹೆಡ್ಡಿನಲ್ಲಿ ತಾನು ಕೂರುವ ಸೀಟಿನೊಳಗೆ ಕುಸಿಯುತ್ತ ಹೋದಂತೆ ಅದರ ತುದಿ ಮೇಲೇಳುತ್ತದೆ, ಗ್ಯಾಪ್ ತಿಂದುಹೋಗುತ್ತದೆ. ಎಂಜಿನ್ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ. ಟಕಟಕ ಅನ್ನುವ ಟ್ಯಾಪೆಟ್ ಕೇಳಿ ಜನ ಓಡಿ ಬರುತ್ತಾರೆ. ನನಗೆ ಹೆಚ್ಚು ಹೆದರಿಕೆ, ಹಳೆಯ ಎಂಜಿನ್ನಿನಲ್ಲಿ ಸದ್ದೇ ಮಾಡದ ಟ್ಯಾಪೆಟ್ಟಿನದು. ಇಂಥ ಕಾರಿನ ಪಾರ್ಟು ಹುಡುಕುವುದೇ ಒಂದು ತಪಸ್ಸು. ಸುಮ್ಮನೆ ಬೋರ್ ಮಾಡಿಸಿದ್ದರೆ ಚಲೋ ಬ್ಲಾಕು ಹಾಳಾಗುತ್ತಿತ್ತು, ಸೋರಿಕೆ ಹಾಗೇ ಉಳಿಯುತ್ತಿತ್ತು.

ಗ್ಯಾಪ್ ಸರಿಮಾಡಿ, ಮತ್ತೆ ಬಿಸಿ ಮಾಡಿ ನೋಡಿದಾಗ ಮೂರನೆಯದು 151. ಉಳಿದವುಗಳ ಸಮಕ್ಕೆ ಬರಲಿಲ್ಲ, ವಾಲ್ವಿನ ಮುಖ ಸ್ವಲ್ಪ ಸುಟ್ಟಿರಬೇಕು. 1000 ಕಿಲೋಮೀಟರ್ ಓಡಿಸಿ ತಗೊಂಡು ಬಾ ಎಂದಿದ್ದೇನೆ. ಅಷ್ಟರಲ್ಲಿ ಗ್ಯಾಪ್ ಮತ್ತೆ ಮುಚ್ಚಿದ್ದರೆ ಹೆಡ್ ಇಳಿಸಿ ಸೀಟ್ ಕೆಲಸ ಮಾಡಲೇಬೇಕು.