ಬೋರ್ನ್‌ವಿಲ್: ಕಂಪನಿ ಬೇರೆ, ಟ್ರಸ್ಟ್ ಬೇರೆ

ಬೋರ್ನ್‌ವಿಲ್ ಇರುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ದಕ್ಷಿಣ ಭಾಗದಲ್ಲಿ. ನಮ್ಮಲ್ಲಿ ಹಾಲಿಗೆ ಬೆರೆಸುವ ಬೋರ್ನ್‌ವಿಟಾಗೆ ಹೆಸರು ಬಂದದ್ದು ಈ ಬಡಾವಣೆಯಿಂದಲೇ. ಚಾಕೊಲೇಟಿನ ಕ್ಯಾಡ್‌ಬರಿ ಮನೆತನದವರು ಕ್ವೇಕರ್‌ ಎಂಬ ಕ್ರೈಸ್ತ ಪಂಥದವರು, ಹೆಂಡ ಮುಟ್ಟದವರು, ಅದಕ್ಕೇ ಇಲ್ಲಿ ಪಬ್ ಕಟ್ಟಲು ಬಿಡಲಿಲ್ಲ. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ನೇರ ವಿಷಯಕ್ಕೆ ಬರುತ್ತೇನೆ: ಈ ಬಡಾವಣೆ ಕ್ಯಾಡ್‌ಬರಿ ಕಂಪನಿಯದೋ, ಅಲ್ಲವೋ?

ದುಡ್ಡು ಯಾರದು?

1879, 1893, 1895, 1900. ಬೋರ್ನ್‌ವಿಲ್ ಕಥೆಯ ಈ ನಾಲ್ಕು ಇಸವಿಗಳನ್ನು ಸುಮ್ನೆ ಬಾಯಿಪಾಠ ಮಾಡಿದರೆ ಒಂದಕ್ಕೊಂದು ಕಲಸಿಹೋಗುತ್ತವೆ. ಒಂದೊಂದಕ್ಕೂ ‘ದುಡ್ಡು ಯಾರದು?’ ಅಂತ ಕೇಳಿಕೊಳ್ಳಿ, ತಲೆಯಲ್ಲಿ ಕೂತುಬಿಡುತ್ತವೆ.

1879ರಲ್ಲಿ ಕ್ಯಾಡ್‌ಬರಿ ಮನೆತನದ ಅಣ್ಣ ರಿಚರ್ಡ್, ತಮ್ಮ ಜಾರ್ಜ್ ಇಬ್ಬರೂ ಸೇರಿ ಚಾಕೊಲೇಟ್ ಕಾರ್ಖಾನೆಯನ್ನು ಬರ್ಮಿಂಗ್‌ಹ್ಯಾಮ್‌ನ ಬ್ರಿಜ್ ಸ್ಟ್ರೀಟ್‌ನಿಂದ ನಾಲ್ಕು ಮೈಲಿ ಆಚೆ, ಹೊಲಗಳ ಮಧ್ಯೆ ತಂದರು. ಪಕ್ಕದಲ್ಲೇ ಕಾಲುವೆ ಇತ್ತು, ರೈಲೂ ಇತ್ತು. ಇಲ್ಲಿ ದುಡ್ಡು ಕಂಪನಿಯದು. ಫೋರ್‌ಮನ್‌ಗಳಿಗೆ ಅಂತ ಕಾರ್ಖಾನೆಯ ಹತ್ತಿರ 16 ಮನೆಗಳನ್ನೂ ಕಟ್ಟಿದರು. ಗೊಂದಲ ಶುರುವಾಗುವುದೇ ಈ 16 ಮನೆಗಳಿಂದ. ಇವನ್ನು ನೋಡಿದ ಮೇಲೆ ಇಡೀ ಬಡಾವಣೆಯೇ ಕಂಪನಿ ಕ್ವಾರ್ಟರ್ಸ್ ಅನ್ನಿಸುತ್ತದೆ, ಅಲ್ವಾ? ಹಾಗಲ್ಲ.

1893ರಲ್ಲಿ ಕಾರ್ಖಾನೆ ಪಕ್ಕದ 120 ಎಕರೆ ಕೊಂಡದ್ದು ಜಾರ್ಜ್ ಒಬ್ಬರೇ, ಸ್ವಂತ ದುಡ್ಡಿನಲ್ಲಿ. ಲಾಭಕ್ಕೆ ಕಟ್ಟುವ ಬಿಲ್ಡರ್‌ಗಳು ಬಂದು ನಗರದ ಒಳಗಿನಂಥದೇ ಕಿಕ್ಕಿರಿದ ಗಲ್ಲಿಗಳನ್ನು ಇಲ್ಲೂ ಎಬ್ಬಿಸಿಬಿಟ್ಟಾರು ಎಂಬ ಆತಂಕ ಅವರಿಗಿತ್ತು. 1895ರಲ್ಲಿ ಮನೆ ಕಟ್ಟುವ ಕೆಲಸ ಶುರುವಾಯಿತು. ವಾಸ್ತುಶಿಲ್ಪಿ ವಿಲಿಯಂ ಅಲೆಕ್ಸಾಂಡರ್ ಹಾರ್ವೆ, ಆಗಿನ್ನೂ ಇಪ್ಪತ್ತರ ಹರೆಯದ ಹುಡುಗ.

ಇನ್ನು 1900. ಜಾಸ್ತಿ ಹೊತ್ತು ಕೂತು ಬಿಡಿಸಿಕೊಳ್ಳಬೇಕಾದ ಗಂಟು ಇದೇ. ಮನೆ ಕಟ್ಟಿದವರೇ ಅದನ್ನೆಲ್ಲ ಯಾಕೆ ಬಿಟ್ಟುಕೊಟ್ಟರು? ಮೊದಲ ಮನೆಗಳನ್ನು 999 ವರ್ಷದ ಲೀಸ್‌ಗೆ ಮಾರಿದ್ದರು. ಒಳ್ಳೆಯ ಮನೆ, ಕಮ್ಮಿ ಬೆಲೆ. ಕೊಂಡವರಲ್ಲಿ ಕೆಲವರು ಅದನ್ನೇ ಒಳ್ಳೆ ಲಾಭಕ್ಕೆ ಬೇರೆಯವರಿಗೆ ದಾಟಿಸಿದರು. ಹೀಗೇ ನಡೆದರೆ ಬೆಲೆ ಏರುತ್ತಾ ಹೋಗಿ, ಯಾರಿಗಾಗಿ ಕಟ್ಟಿದ್ದೋ ಅವರ ಕೈಗೇ ಮನೆ ಎಟುಕುವುದಿಲ್ಲ. ಅದಕ್ಕೇ ಜಾರ್ಜ್ 1900ರಲ್ಲಿ ಬೋರ್ನ್‌ವಿಲ್ ವಿಲೇಜ್ ಟ್ರಸ್ಟ್ ಮಾಡಿ, 330 ಎಕರೆ ಜಮೀನು ಮತ್ತು 313 ಮನೆಗಳನ್ನು ಅದಕ್ಕೆ ಬರೆದುಕೊಟ್ಟರು. ಅಲ್ಲಿಂದ ಮುಂದೆ ಬಂದ ಬಾಡಿಗೆ ಅವರ ಜೇಬಿಗೂ ಹೋಗಲಿಲ್ಲ, ಕಂಪನಿಯ ಗಲ್ಲಾಪೆಟ್ಟಿಗೆಗೂ ಹೋಗಲಿಲ್ಲ. ಮತ್ತೆ ಬಡಾವಣೆಗೇ ಹೋಯಿತು. ಕೊಡುಗೆ ಅಂದರೆ ಇದು ಅಂತ ನನಗನ್ನಿಸುತ್ತದೆ. ಮನೆ ಸಿಗಲು ಕ್ಯಾಡ್‌ಬರಿ ನೌಕರನೇ ಆಗಬೇಕೆಂದಿರಲಿಲ್ಲ. ಆರಂಭದ ವರ್ಷಗಳಲ್ಲೂ ಮನೆ ಯಜಮಾನರಲ್ಲಿ ಅರ್ಧಕ್ಕಿಂತ ಕಮ್ಮಿ ಜನ ಮಾತ್ರ ಕಾರ್ಖಾನೆಯವರು. ಲಿವರ್ ಸೋಪ್ ಕಂಪನಿಯ ಪೋರ್ಟ್ ಸನ್‌ಲೈಟ್‌ಗೂ ಇದಕ್ಕೂ ವ್ಯತ್ಯಾಸ ಇಲ್ಲೇ. ಅಲ್ಲಿ ಮನೆ ಕಟ್ಟಿದ್ದು ನೌಕರರಿಗೆ ಮಾತ್ರ.

2010ರಲ್ಲಿ ಕ್ರಾಫ್ಟ್ ಕಂಪನಿ ಕ್ಯಾಡ್‌ಬರಿಯನ್ನು ಕೊಂಡುಕೊಂಡಿತು. ಕಾರ್ಖಾನೆ ಕೈ ಬದಲಾಯಿತು, ಟ್ರಸ್ಟಿನ ಒಂದು ಮನೆಯೂ ಅದರ ಜೊತೆ ಹೋಗಲಿಲ್ಲ. ಎರಡೂ ಬೇರೆ ಅನ್ನುವುದಕ್ಕೆ ಈ ಒಂದು ಉದಾಹರಣೆ ಸಾಕು.

ಕಾಲು ಭಾಗ ಮನೆ, ಮುಕ್ಕಾಲು ಭಾಗ ತೋಟ

ನಿವೇಶನದ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಜಾಗದಲ್ಲಿ ಮನೆ ಏಳಬಾರದು ಎಂಬುದು ನಿಯಮ. ನಮ್ಮ 30-40 ಸೈಟ್ ತೆಗೆದುಕೊಳ್ಳಿ: 1200 ಚದರಡಿಯಲ್ಲಿ ಮನೆಗೆ 300, ಉಳಿದ 900 ಮಣ್ಣು. ಬಾಡಿಗೆದಾರರು ಬರುವ ಮೊದಲೇ ತೋಟ ಅಗೆದು, ಹಿತ್ತಲ ಕೊನೆಯಲ್ಲಿ ಸೇಬು, ಪಿಯರ್, ಪ್ಲಮ್ ಗಿಡಗಳ ಸಾಲು ನೆಟ್ಟಿರುತ್ತಿದ್ದರು. ಹಣ್ಣಿಗೆ ಹಣ್ಣೂ ಆಯಿತು, ಹಿಂದಿನ ಮನೆಗೆ ಮರೆಯೂ ಆಯಿತು. ತೋಟ, ಬಯಲುಗಳಿರುವ ಊರುಗಳನ್ನು ಕಟ್ಟಬೇಕು ಎನ್ನುತ್ತಿದ್ದ ಗಾರ್ಡನ್ ಸಿಟಿ ಅಸೋಸಿಯೇಷನ್ 1901ರಲ್ಲಿ ತನ್ನ ಮೊದಲ ಸಮ್ಮೇಳನ ನಡೆಸಲು ಈ ಊರನ್ನೇ ಆರಿಸಿಕೊಂಡಿತು. 1911ರಲ್ಲಿ ಬೋರ್ನ್‌ವಿಲ್ ಬರ್ಮಿಂಗ್‌ಹ್ಯಾಮ್ ನಗರಕ್ಕೆ ಸೇರಿತು.

ನೋಡುವ ಜಾಗಗಳು

ಊರ ನಡುವಿನ ಹಸಿರು ಮೈದಾನದಿಂದ ಶುರು ಮಾಡಿ. ಅಲ್ಲಿರುವ ಎಂಟು ಮೂಲೆಯ ಪುಟ್ಟ ಕಟ್ಟಡ ರೆಸ್ಟ್ ಹೌಸ್. ಜಾರ್ಜ್ ಮತ್ತು ಎಲಿಜಬೆತ್ ಮದುವೆಯಾಗಿ 25 ವರ್ಷ ತುಂಬಿದ್ದಕ್ಕೆ ನೌಕರರು ಚಂದಾ ಎತ್ತಿ ಕಟ್ಟಿಸಿದ್ದು, 1914ರಲ್ಲಿ.

ಹತ್ತಿರದ ಶಾಲೆಯ ಗೋಪುರದಲ್ಲಿ ಕ್ಯಾರಿಲಾನ್ ಇದೆ, ಅಂದರೆ ರಾಗ ನುಡಿಸುವ ಗಂಟೆಗಳ ಸಾಲು. ಬೆಲ್ಜಿಯಂನ ಬ್ರೂಜ್‌ನಲ್ಲಿ ಕೇಳಿ ಮನಸೋತ ಜಾರ್ಜ್ 1906ರಲ್ಲಿ ಇಲ್ಲೂ ಹಾಕಿಸಿದರು. ಮೊದಲು ಇದ್ದದ್ದು 22 ಗಂಟೆಗಳು, ಈಗ 48. ನುಡಿಸುವವರು ಗಂಟೆಗಳ ಹಗ್ಗ ಜಗ್ಗುವುದಿಲ್ಲ. ಮರದ ಹಿಡಿಗಳ ಸಾಲಿನ ಮುಂದೆ ಕೂತು, ಮುಷ್ಟಿಯಿಂದ ಅವನ್ನು ಒತ್ತುತ್ತಾರೆ, ಕಾಲಿಗೆ ಪೆಡಲ್‌ಗಳಿರುತ್ತವೆ. ಪ್ರತಿ ಹಿಡಿಯಿಂದ ಒಂದು ತಂತಿ ಮೇಲಿನ ಗಂಟೆಯ ನಾಲಗೆಗೆ ಹೋಗುತ್ತದೆ. ಗಂಟೆ ಅಲುಗುವುದಿಲ್ಲ, ನಾಲಗೆ ಮಾತ್ರ ಬಡಿಯುತ್ತದೆ. ಅದಕ್ಕೇ ಒಬ್ಬರೇ ಕೂತು ಇಡೀ ರಾಗ ನುಡಿಸಬಹುದು.

ಸೆಲ್ಲಿ ಮ್ಯಾನರ್ ನೋಡಿದರೆ ಊರಿಗಿಂತ ಎಷ್ಟೋ ಹಳೆಯದು. ಮರದ ಚೌಕಟ್ಟಿನ ಆ ಮನೆ ಮೂಲತಃ ಇಲ್ಲಿಯದಲ್ಲ. ಬೋರ್ನ್‌ಬ್ರೂಕ್‌ನಲ್ಲಿ ಹಾಳುಬಿದ್ದಿದ್ದದ್ದನ್ನು ಜಾರ್ಜ್ ಕೊಂಡು, ಬಿಚ್ಚಿಸಿ ತಂದು ನಿಲ್ಲಿಸಿದರು. 1917ರಿಂದ ಅದು ಮ್ಯೂಸಿಯಂ.

ಸರ್ಬಿಯನ್ ಆರ್ಥಡಾಕ್ಸ್ ಚರ್ಚನ್ನು ಬಿಡಬೇಡಿ. ಎರಡನೇ ಮಹಾಯುದ್ಧದ ನಂತರ ಬಂದ ನಿರಾಶ್ರಿತರಿಗಾಗಿ ಬೈಜಾಂಟೈನ್ ಶೈಲಿಯಲ್ಲಿ ಕಟ್ಟಿದ್ದು, 1968ರದು. ಕ್ವೇಕರ್ ಊರಿನಲ್ಲಿ ಗುಮ್ಮಟದ ಚರ್ಚು ಹೇಗೆ ಬಂತು ಅಂತ ಕೇಳಿದರೆ ಉತ್ತರ ಇದೇ.